ಸಿಪಾಯಿ ಗುಂಪಿಗೆ ಒಗೆದ ಕಲ್ಲು

ಸತ್ತವರಿಗೆ ಬದುಕಿರುವವರ ಮೇಲೆ ಯಾವ ಅಧಿಕಾರವೂ ಇರುವುದಿಲ್ಲ ಎಂದು ತಿಳಿದುಕೊಂಡಿದ್ದವನು ನಾನು. ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟು ಕಾಯುವಾಗ, ಹೋಳಿಗೆ ಆರಿಹೋಗುತ್ತದಲ್ಲ ಎಂಬುದಷ್ಟೇ ನನ್ನ ಚಿಂತೆ. ಇವತ್ತಿಗೂ ದೆವ್ವದ ಮಾತು ಬಂದರೆ ನಗುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ ನಡೆದ ಈ ಒಂದು ಸಂಗತಿಗೆ ನಗಲು ಆಗಿಲ್ಲ. ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ ಎಂದು ಭರವಸೆ ಕೊಡಲಾರೆ. ಇದನ್ನು ಹಲವರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಎಲ್ಲೋ ಒಂದು ಕಡೆ ಬದಲಾಗಿದೆ. ಎಲ್ಲಿ ಬದಲಾಗಿದೆ ಎಂದು ನನಗೆ ಗೊತ್ತಿದ್ದಷ್ಟನ್ನು ಹೇಳುತ್ತ ಹೋಗುತ್ತೇನೆ.

ನನ್ನ ಅಜ್ಜ ದೊಡ್ಡಬಸಪ್ಪ ನಿಜಾಮರ ಫೌಜಿನಲ್ಲಿ ಸಿಪಾಯಿಯಾಗಿದ್ದ. ಪಾಮನಕಲ್ಲೂರಿನಿಂದ ಲಿಂಗಸುಗೂರಿಗೆ ಹೋದವನು ತಿರುಗಿ ಬರಲಿಲ್ಲ. ಸತ್ತ ಸುದ್ದಿ ಬಂತು, ಎಲ್ಲಿ ಮಣ್ಣು ಮಾಡಿದರೆಂಬುದು ಬರಲಿಲ್ಲ. ಅಪ್ಪ ಆಗ ತೊಟ್ಟಿಲ ಕೂಸು. ನಮ್ಮಲ್ಲಿ ಸತ್ತವರನ್ನು ಹೊಲದ ಬದುವಿನಲ್ಲಿ ಹೂಳುತ್ತಾರೆ. ಎಳ್ಳಮಾವಾಸ್ಯೆಗೆ ಪೈರಿನ ಮೇಲೆ ನೈವೇದ್ಯದ ಚರಗ ಚೆಲ್ಲಲು ಹೋದಾಗ ಒಂದೊಂದು ಸಮಾಧಿಯ ಮುಂದೆ ಒಂದೊಂದು ಎಡೆ. ಅಜ್ಜನ ಎಡೆಯನ್ನು ಮಾತ್ರ ಅಪ್ಪ ಬರಿಯ ನೆಲದ ಮೇಲೆ ಇಟ್ಟು, ಯಾವ ದಿಕ್ಕಿಗೆ ಕೈ ಮುಗಿಯಬೇಕೆಂದು ತಿಳಿಯದೆ ಸುತ್ತ ನೋಡುತ್ತಿದ್ದ. ವಯಸ್ಸಾದ ಮೇಲೆ ಅದೊಂದೇ ಮಾತು ಹಿಡಿದ. "ನಾ ಸಾಯೋದ್ರಾಗ ನಮ್ಮಪ್ಪ ಎಲ್ಲಿ ಮಲಗ್ಯಾನ ತೋರ್ಸಿಬಿಡಪಾ."

ನಾನು ಹೆಂಡತಿ ಮಗಳೊಂದಿಗೆ ಸಿಂಧನೂರಿನಲ್ಲಿರುವವನು. ಒಂದು ಭಾನುವಾರ ಮಸ್ಕಿಗೆ ಹೋಗಿ, ಸೋದರಮಾವನ ಮಗ ಶಿವರಾಜನನ್ನು ಕರೆದುಕೊಂಡು ಅವನ ಬೈಕಿನಲ್ಲೇ ಲಿಂಗಸುಗೂರಿಗೆ ಹೋದೆ. ಹಳೆಯ ಫೌಜಿನ ಛಾವಣಿಯ ಜಾಗವನ್ನೆಲ್ಲ ಸುತ್ತಿದೆವು. ಅಲ್ಲಿ ಈಗ ಕಚೇರಿಗಳು, ಅಂಗಡಿಗಳು. ಕೇಳಿದವರೆಲ್ಲ ನಮ್ಮನ್ನು ಭೂಮಿ ವ್ಯಾಜ್ಯದವರೆಂದು ತಿಳಿದು ವಕೀಲರ ಮನೆ ತೋರಿಸಿದರು. "ನಿಮ್ಮಜ್ಜ ಯಾರಿಗೂ ಹೇಳದಂಗ ಸತ್ತಾನಲೇ, ಸಿಪಾಯಿ ಅಂದ್ರ ಸಿಪಾಯಿ" ಎಂದು ಶಿವರಾಜ ಚುಡಾಯಿಸಿದ. ಮಸ್ಕಿಗೆ ಮರಳುವಾಗ, ಬಿಸಿಲು ಜಾಸ್ತಿಯಾಯಿತೆಂದು ಡಾಂಬರು ಬಿಟ್ಟು ಗುಡ್ಡದ ಬದಿಯ ಅಡ್ಡದಾರಿ ಹಿಡಿದ.

ದಾರಿಯ ಪಕ್ಕದಲ್ಲಿ ಆಳೆತ್ತರದ ಒಂದು ಕಲ್ಲಿನ ಗುಂಪಿ ಇತ್ತು. ಶಿವರಾಜ ಬೈಕ್ ನಿಲ್ಲಿಸಿದ.

"ಇಳಿ. ಈ ಹಾದಿಗೆ ಬಂದೋರು ಒಂದು ಕಲ್ಲು ಒಗದs ಮುಂದ ಹೋಗಬೇಕು."

"ಒಗೀಲಿಲ್ಲಂದ್ರ?"

"ಪಂಚರ್ ಆಗ್ತೈತಿ. ತಳ್ಳಾವ ನೀನ ನೋಡು."

ನಾನು ನಗುತ್ತಲೇ ಒಂದು ಕಲ್ಲು ಎತ್ತಿಕೊಂಡು ಗುಂಪಿಯ ತುದಿಗೆ ಗುರಿಯಿಟ್ಟು ಒಗೆದೆ. ಇಲ್ಲಿ ನಿಲ್ಲಬೇಕು. ಶಿವರಾಜ ಈಗ ಬೇರೆಯೇ ಹೇಳುತ್ತಾನೆ. ಕಲ್ಲು ಒಗೆದವನು ತಾನಂತೆ, ನಾನು ಬೈಕಿನಿಂದ ಇಳಿದೇ ಇರಲಿಲ್ಲವಂತೆ. ಅವನು ನನ್ನ ಮೇಲಿನ ಕನಿಕರಕ್ಕೆ ಹಾಗೆ ಹೇಳುತ್ತಾನೋ, ನಿಜಕ್ಕೂ ಅವನಿಗೆ ಹಾಗೆಯೇ ನೆನಪಿದೆಯೋ. ನನ್ನ ಅಂಗೈಗೆ ಕಾದ ಕಲ್ಲಿನ ಬಿಸಿ ನೆನಪಿದೆ. ಅಂಗೈಯ ಮಾತನ್ನು ಎಷ್ಟು ನಂಬಬಹುದೋ ನನಗೆ ತಿಳಿಯದು.

"ಚಲೋ ಬಡೀತು ಬಿಡು!" ಎಂದಿತು ಒಂದು ದನಿ. ಜಾಲಿಯ ನೆರಳಲ್ಲಿ ಆಡು ಮೇಯಿಸುತ್ತಿದ್ದ ಹೆಂಗಸು. ಇದರೊಳಗೆ ಯಾರಿದ್ದಾರೆ ಎಂದು ಕೇಳಿದೆ.

"ಸಿಪಾಯಿ ಅದಾನ. ಫೌಜಿನವ್ರು ಸರ್ಕಾರದ ಲೆವಿ ಜ್ವಾಳ ವಸೂಲಿಗೆ ಬಂದಿದ್ರಂತ. ನಮ್ಮೋರು ಬೀಜದ ಜ್ವಾಳ ಹಗೇವಿನ್ಯಾಗ ಹಾಕಿ ಮ್ಯಾಲ ಮಣ್ಣು ಮುಚ್ಚಿದ್ರು. ಪರವೂರಿನ ಫೌಜಿನವ್ರಿಗೆ ನೆಲದಾಗಿಂದು ಏನ್ ತಿಳಿತೈತಿ? ಇವ ನಮ್ಮ ಕಡ್ಯಾವ. ಕಾಲ್ಲೆ ನೆಲ ಕುಟ್ಟಿ ನೋಡ್ದ, ಇಲ್ಲೈತಿ ಅಂತ ತೋರ್ಸಿದ. ಒಂದೂ ಹಗೇವು ಬಿಡ್ಲಿಲ್ಲ. ಆ ವರ್ಷ ನಮ್ಮಮ್ಮ ಎರಡು ಕೂಸು ಹುಗದಾಳ. ಮುಂದ ಒಬ್ಬನs ಈ ಹಾದಿಗೆ ಬಂದಾಗ ಊರು ಸುಮ್ನ ಬಿಡ್ತೈತೇನು?"

"ಯಾವೂರವ?"

"ಪಾಮನಕಲ್ಲೂರಾವ. ದೊಡ್ಡಬಸ್ಯಾ."

ಶಿವರಾಜ ನನ್ನ ಮುಖ ನೋಡಲಿಲ್ಲ. ಬೈಕಿನ ಕನ್ನಡಿ ಒರೆಸತೊಡಗಿದ. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು, "ನಿಮ್ದು ಯಾವೂರ್ರಿ?" ಎಂದಳು.

"ಸಿಂಧನೂರು" ಎಂದೆ.

ಅದು ಸುಳ್ಳಲ್ಲ. ಆದರೂ ಈ ಇಡೀ ಸಂಗತಿಯಲ್ಲಿ ನನ್ನದೆಂದು ಖಚಿತವಾಗಿ ಹೇಳಬಹುದಾದ ತಪ್ಪು ಅದೊಂದೇ. ಉಳಿದುದರಲ್ಲಿ ನನ್ನ ಪಾಲೆಷ್ಟು ಎಂಬುದೇ ತಿಳಿಯುತ್ತಿಲ್ಲ.

ಅಪ್ಪನಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹುಡುಕುತ್ತ ಅದೇ ಸಂಜೆ ಪಾಮನಕಲ್ಲೂರಿಗೆ ಬಂದೆ. ಅಪ್ಪ ನನ್ನ ತಮ್ಮನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಎಡಹುಬ್ಬಿನ ಮೇಲೆ ಅರಿಸಿನ ಮೆತ್ತಿದ್ದರು, ಅಂಗಿಯ ಮೇಲೆ ರಕ್ತದ ಕಲೆ ಇತ್ತು. ತಮ್ಮನ ಹೆಂಡತಿ ಶರಣಮ್ಮ ಗಾಬರಿಯಲ್ಲೇ ಹೇಳಿದಳು.

"ಸುಮ್ನ ಕುಂತಿದ್ರು ಭಾವಾರ, ಹೊತ್ತು ನೆತ್ತಿ ಮ್ಯಾಗಿತ್ತು. ಎಲ್ಲಿಂದಲೋ ಕಲ್ಲು ಬಂದು ಬಡೀತು. ಓಣ್ಯಾಗ ಒಂದು ನರಪಿಳ್ಳಿ ಇದ್ದಿಲ್ಲ."

"ಮಂಗ್ಯಾ ಇರಬೇಕು ಬಿಡವಾ" ಎಂದ ಅಪ್ಪ. "ಹೋದ ವರ್ಷ ಹಂಚು ಕಿತ್ತು ಒಗದಿದ್ದಿಲ್ಲೇನು?"

ಬಡಿದ ಕಲ್ಲು ಕಟ್ಟೆಯ ಕೆಳಗೇ ಬಿದ್ದಿತ್ತು. ಮುಟ್ಟಿ ನೋಡುವ ಧೈರ್ಯ ನನಗಾಗಲಿಲ್ಲ. ನಮ್ಮೂರಿನಲ್ಲಿ ಕಲ್ಲಿಗೆ ಬರವಿಲ್ಲ, ಮಂಗಗಳಿಗೂ ಇಲ್ಲ. ಗುಂಪಿಯ ಬಳಿ ನಾವು ನಿಂತಾಗಲೂ ಹೊತ್ತು ನೆತ್ತಿಯ ಮೇಲಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಆದರೆ ಶರಣಮ್ಮ ಹಾಗೆ ಹೇಳಿದ್ದಕ್ಕೇ ನನ್ನ ನೆನಪು ಬಿಸಿಲನ್ನು ನೆತ್ತಿಗೆ ತಂದು ನಿಲ್ಲಿಸಿದೆಯೋ ಏನೋ. ಆ ಹೆಂಗಸು ಇದ್ದ ಜಾಲಿಗಿಡಕ್ಕೆ ನೆರಳಿತ್ತಲ್ಲ? ನಡುಮಧ್ಯಾಹ್ನದಲ್ಲಿ ಜಾಲಿಗೆ ಎಂಥ ನೆರಳು?

"ಸಿಕ್ತೇನಪಾ?" ಎಂದು ಕೇಳಿದ ಅಪ್ಪ. ನೋವಿನ ಸುದ್ದಿಯೇ ಎತ್ತಲಿಲ್ಲ.

"ಸಿಕ್ತು."

"ಗದ್ದಿಗಿ ಕಟ್ಯಾರೇನು?"

"ಇಲ್ಲ. ಹೋಗೋ ಬರೋರು ಒಂದೊಂದು ಕಲ್ಲು ಇಟ್ಟು ಹೋಗ್ತಾರಪಾ. ಆಳೆತ್ತರ ಆಗೈತಿ."

ಅಪ್ಪ ಅಳತೊಡಗಿದ. ಕಣ್ಣೀರು ಹುಬ್ಬಿನ ಅರಿಸಿನದೊಂದಿಗೆ ಸೇರಿ ಹಳದಿಯಾಗಿ ಇಳಿಯಿತು. "ಇಷ್ಟು ವರ್ಷ ಆದ್ರೂ ಮಂದಿ ಮರ್ತಿಲ್ಲ ನೋಡವಾ ಶರಣಮ್ಮ, ಮರ್ತಿಲ್ಲ" ಎಂದ. ನಾನು ಒಳಗೆ ಹೋಗಿ ನೀರು ಕುಡಿದೆ.

ಎಳ್ಳಮಾವಾಸ್ಯೆಗೆ ಅಲ್ಲಿಗೇ ಹೋಗಬೇಕೆಂದು ಅಪ್ಪ ಹಟ ಹಿಡಿದ. ನೆಪ ಹೇಳಿದೆ, ದಾರಿ ಕೆಟ್ಟಿದೆ ಎಂದೆ. ಕೇಳಲಿಲ್ಲ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಎಳ್ಳಿನ ಹೋಳಿಗೆ ಕಟ್ಟಿಕೊಂಡು ಆಟೋದಲ್ಲಿ ಹೋದೆವು. ಆ ಹೆಂಗಸು ಇರದಿರಲಿ ಎಂದುಕೊಳ್ಳುತ್ತಿದ್ದೆ, ಇರಲಿಲ್ಲ. ಅಪ್ಪ ಗುಂಪಿಯ ಬುಡದಲ್ಲಿ ಎಡೆ ಇಟ್ಟು, ಮೊದಲ ಸಲ ಒಂದೇ ದಿಕ್ಕಿಗೆ ನೋಡುತ್ತ ಕೈ ಮುಗಿದ. ಹುಬ್ಬಿನ ಗಾಯ ಮಾಯ್ದು ಬಿಳಿಯ ಗೆರೆಯಾಗಿತ್ತು. ಆಮೇಲೆ ಬಗ್ಗಿ ಒಂದು ಕಲ್ಲು ಎತ್ತಿಕೊಂಡ.

"ಅಪ್ಪಾ, ಬ್ಯಾಡ."

"ಹಾದ್ಯಾಗಿನ ಮಂದಿ ಇಟ್ಟಾರ, ಮಗ ನಾ ಇಡಬಾರ್ದೇನು?"

ಮೇಲೆ ಹತ್ತಲು ಮೊಣಕಾಲು ಒಪ್ಪಲಿಲ್ಲ. ಕೆಳಗೇ ನಿಂತು ಕಲ್ಲನ್ನು ಮೇಲಕ್ಕೆ ಎಸೆದ. ಅದು ಬಿದ್ದ ಸದ್ದಿಗೆ ನನ್ನ ಕೈ ನನ್ನ ಹಣೆಯ ಮೇಲಿತ್ತು. ಏನೂ ಆಗಲಿಲ್ಲ. ಆಗ, ಅಜ್ಜನ ಕುಡಿ ನಾನೊಬ್ಬನೇ ಅಲ್ಲವಲ್ಲ ಎಂದು, ನನಗೆ ಮಗಳ ನೆನಪಾಯಿತು. ಸಿಂಧನೂರಿಗೆ ಫೋನು ಮಾಡಿದೆ.

"ಏನ್ ಮಾಡಾಕತ್ತೀಯವಾ?"

"ಏನಿಲ್ಲಪ್ಪಾ, ಹೋಮ್‌ವರ್ಕ್ ಮಾಡಾಕತ್ತೀನಿ."

"ಒಳಗ ಹೋಗು."

"ಒಳಗs ಅದೀನಲ್ಲ!"

"ಕಿಟಕಿ ಹಾಕ್ಕೋ."

"ಯಾಕಪ್ಪಾ?"

ಯಾಕೆ ಎಂದು ಈಗಲೂ ಹೇಳಲು ಬರುವುದಿಲ್ಲ. ಮಂಗ ಎನ್ನಲೇ, ಅಜ್ಜ ಎನ್ನಲೇ, ನನ್ನದೇ ಕೈ ಎನ್ನಲೇ? ಅವಳಿಗೆ ಅಂದಿನಿಂದ ಇಂದಿನವರೆಗೂ ಏನೂ ಆಗಿಲ್ಲ. ಆದರೂ ಶಾಲೆಯಿಂದ ಬಂದ ಕೂಡಲೇ ಹಣೆಯ ಮೇಲಿನ ಕೂದಲು ಸರಿಸಿ ನೋಡುತ್ತೇನೆ. ಅಪ್ಪನಿಗೆ ಇಂಥ ಚಟ ಯಾವಾಗಿನಿಂದ ಎಂದು ಅವಳು ಬೈಯುತ್ತಾಳೆ.

ಅವತ್ತು ಫೋನು ಜೇಬಿಗಿಟ್ಟು ತಿರುಗಿದಾಗ ಅಪ್ಪ ಇನ್ನೊಂದು ಕಲ್ಲು ಹಿಡಿದುಕೊಂಡು ನಿಂತಿದ್ದ. ಅದರ ಮಣ್ಣನ್ನು ಧೋತರದ ಅಂಚಿನಿಂದ ಒರೆಸಿ, ನನ್ನ ಕಡೆ ಚಾಚಿ, "ತಗೋ, ನಿಂದೂ ಒಂದು ಇರ್ಲಿ" ಎಂದ.