ಹೋಳಿಗೆ ಬುಟ್ಟಿ ಮುಚ್ಚಿದ ಕೈ

ವೈನಿಯ ಎಡಗೈ ಬೆರಳುಗಳ ಮೇಲೆ ಹಂಚು ತಾಗಿ ಸುಟ್ಟ ಕಪ್ಪು ಕಲೆಗಳಿದ್ದವು. ತಾಟಿಗೊಂದು ಹೋಳಿಗೆ ಬಡಿಸಿದ ಕೂಡಲೇ ಆ ಕೈ ಬುಟ್ಟಿಯ ಮೇಲೆ ಹೋಗಿ ಕೂರುತ್ತಿತ್ತು. ಅದು ಯಾವಾಗ ಏಳುತ್ತದೋ ಎಂದು ನಾನು ಕಾಯುತ್ತಿದ್ದೆ. ಏಳುತ್ತಿರಲಿಲ್ಲ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಘೋಣಸಗಿಯ ಒಕ್ಕಲುತನದ ಮನೆಯ ಮಗಳು. ಅಣ್ಣ ಎದೆನೋವಿನಿಂದ ಹೋದ ಮೇಲೂ ವಿಜಯಪುರದ ನಮ್ಮ ಮನೆಯ ಒಲೆ ಅವರ ಕೈಯಲ್ಲೇ ಇತ್ತು. ನಾನೋ ಕಾಲಿಗೆ ಚಕ್ರ ಕಟ್ಟಿಕೊಂಡವನು. ಸೊಲ್ಲಾಪುರ ರಸ್ತೆಯಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ನನ್ನದು. ಊಟವೆಂದರೆ ನಿಂತಲ್ಲೇ, ಫೋನು ಕಿವಿಗೆ ಹಚ್ಚಿಕೊಂಡೇ. ಸಾಮಾನು ತರಲು ಗಾಂಧಿ ಚೌಕಕ್ಕೆ ಹೋದರೆ ನಾಲ್ಕು ಮಿರ್ಚಿ ಭಜಿ ಹೊಟ್ಟೆಗಿಳಿದದ್ದೇ ತಿಳಿಯುತ್ತಿರಲಿಲ್ಲ. ಅಣ್ಣ ಹೋದ ವಯಸ್ಸು ಹತ್ತಿರ ಬಂದಾಗ ನನಗೂ ಶುಗರು, ಬಿಪಿ ಎರಡೂ ಬಂದವು. ಅಂದಿನಿಂದ ಎದೆಯಲ್ಲಿ ಗ್ಯಾಸ್ ಹಿಡಿದರೂ ಜೀವ ಬಾಯಿಗೆ ಬರುತ್ತಿತ್ತು. ಹೆದರಿಕೆಯಾದರೆ ನನಗೆ ಮತ್ತಷ್ಟು ಹಸಿವು, ಏನು ಮಾಡಲಿ?

ನನ್ನ ಹೆಂಡತಿ ಎಣ್ಣೆ, ಬೆಲ್ಲ, ತುಪ್ಪ ಎಲ್ಲ ಬಂದ್ ಎಂದಳು. ವೈನಿ ಒಪ್ಪಲಿಲ್ಲ.

"ಮನ್ಯಾಗ ಬಂದ್ ಮಾಡಿದ್ರ ಚೌಕದಾಗ ತಿಂತಾನ ಬೇ. ಮನ್ಯಾಗ ಮಾಡೂಣು, ಹದಾ ನೋಡಿ ಮಾಡೂಣು."

ಎಣ್ಣೆಗಾಯಿಗೆ ಎರಡೇ ಚಮಚ ಎಣ್ಣೆ ಹಾಕಿ, ಮೇಲೆ ನೀರು ತುಂಬಿದ ತಾಟು ಮುಚ್ಚಿ, ಸಣ್ಣ ಉರಿಯಲ್ಲಿ ಬದನೆಕಾಯಿ ತನ್ನಷ್ಟಕ್ಕೆ ಮೆತ್ತಗಾಗಲು ಬಿಡುತ್ತಿದ್ದರು. ಒಳಗೆ ಹುರಿದು ಕುಟ್ಟಿದ ಶೇಂಗಾ, ಗುರೆಳ್ಳು. ಘಮಕ್ಕೆ ತಡೆಯಲಾರದೆ ನಾನು ಒಲೆಯ ಸುತ್ತ ಸುಳಿದಾಡುತ್ತಿದ್ದೆ. "ತಮ್ಮಾ, ನೀ ತಿರುಗಿದ್ರ ಬದ್ನಿಕಾಯಿ ಲಗೂನ ಬೇಯಂಗಿಲ್ಲ. ಕುಂದ್ರು," ಎನ್ನುತ್ತಿದ್ದರು. ಹಸಿ ಮೆಂತ್ಯ ಸೊಪ್ಪಿನ ಪಚಡಿ ಮುಗಿಸದೆ ರೊಟ್ಟಿ ಕೊಡುತ್ತಿರಲಿಲ್ಲ. ಹೋಳಿಗೆ ಹಬ್ಬಕ್ಕೆ ಮಾತ್ರ, ಅದೂ ಒಂದೇ. ಆದರೆ ಅದರ ಮೇಲೆ ತುಪ್ಪ ಬೀಳಲೇಬೇಕು. "ತುಪ್ಪ ಇಲ್ದ ಹೋಳಿಗಿ ತಿನ್ನೋದಕ್ಕಿಂತ ಉಪಾಸ ಇರೋದು ಚಲೋ." ನಾನು ಇನ್ನೊಂದು ಕೇಳಿದರೆ ಒಂದೇ ಉತ್ತರ: "ನಾಳಿ."

ನಮ್ಮ ಕಡೆ ಉಣ್ಣುವವರು ಸಾಕೆಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಹೋಳಿಗೆ ಜಾರಿಸದಿದ್ದರೆ ಅದು ಊಟವೇ ಅಲ್ಲ. ಒಂದು ಯುಗಾದಿಗೆ ತಿಕೋಟಾದ ಬೀಗರು ಬಂದಿದ್ದರು. ವೈನಿ ಅವರಿಗೂ ಒಂದೊಂದೇ ಬಡಿಸಿ ಬುಟ್ಟಿ ಮುಚ್ಚಿದರು. ಅವರಲ್ಲಿ ಹಿರಿಯರೊಬ್ಬರು ಚಪ್ಪಲಿ ಮೆಟ್ಟುತ್ತ, "ಈ ಮನಿ ಕೈ ಭಾಳ ಬಿಗಿ ಆಗೇತಿ," ಎಂದರು. ನನಗೆ ಮೈಯೆಲ್ಲ ಉರಿಯಿತು. ಅವರು ಹೋದದ್ದೇ ತಡ, ಅಡುಗೆಮನೆಗೆ ನುಗ್ಗಿದೆ.

"ಬೀಗರ ಮುಂದ ಮಾನಾ ಕಳದ್ರಿ ವೈನಿ. ಇನ್ನೊಂದ ಹಾಕಿದ್ರ ಏನ ಆಗ್ತಿತ್ತು?"

ವೈನಿ ಒಲೆಯ ಕಟ್ಟೆ ಒರೆಸುತ್ತಲೇ ಇದ್ದರು. "ನಿಮ್ಮಣ್ಣಗ ದಿನಾ ಇನ್ನೊಂದ ಹಾಕಾಕಿ ನಾನ. ಬ್ಯಾಡ ಅಂದ್ರ ಮಾರಿ ಸಣ್ಣ ಮಾಡ್ತಿದ್ದೆ. ಅವ್ರಿಗೆ ಹಸಿವಿರ್ತಿರಲಿಲ್ಲ ತಮ್ಮಾ. ನನ್ನ ಮಾರಿ ನೋಡಿ ತಿಂದ್ರು." ಒರೆಸುವ ಅರಿವೆ ಹಿಂಡುತ್ತ ಅಂದರು: "ಬೀಗರು ಸಿಟ್ಟಾಗ್ಲಿ. ನೀ ಇರಬೇಕು."

ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಅಂಗಡಿಯಿಂದ ಫೋನು ಬರುತ್ತಲೇ ಇತ್ತು, ತೆಗೆಯಲಿಲ್ಲ.

ಈಗ ನಾನು ಅಣ್ಣ ಹೋದ ವಯಸ್ಸನ್ನು ದಾಟಿದ್ದೇನೆ. ವೈನಿ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅವರ ದಿವಸದ ಊಟಕ್ಕೆ ಹೋಳಿಗೆಯನ್ನೇ ಮಾಡಿಸಿದೆವು. ತಿಕೋಟಾದ ಅದೇ ಹಿರಿಯರು ಕೈಯಲ್ಲಿ ಹೋಳಿಗೆ ಹಿಡಿದು ನನ್ನ ತಾಟಿನ ಮೇಲೆ ಬಾಗಿದರು. "ಅಕಿ ಹೆಸರಿಗೆ ಇನ್ನೊಂದ ಹಾಕ್ಕೋರಿ."

ನನಗೆ ಅಳುವೂ ಬಂದಿತ್ತು, ಹಸಿವೂ ಇತ್ತು. ಎದ್ದು ಓಡಬೇಕೆನಿಸಿತು. ಓಡಲಿಲ್ಲ. ಎಡಗೈ ಅಗಲಿಸಿ ತಾಟಿನ ಮೇಲಿಟ್ಟುಕೊಂಡು ಕುಳಿತೆ. ಅವರು ಬೆರಳ ಸಂದಿ ಹುಡುಕಿದರು. ನಾನು ಬೆರಳು ಬಿಗಿ ಮಾಡಿದೆ.

"ನಾಳಿ ತಿಂತೀನ್ರಿ," ಎಂದೆ.