ಮೇಷ್ಟ್ರ ಕಪ್ಪು ರಟ್ಟಿನ ಪುಸ್ತಕ

ಪುಸ್ತಕ ತೆರೆದೊಡನೆ ವಿಭೂತಿಯ ವಾಸನೆ ಬಂತು. ಅಂತರಸನಹಳ್ಳಿಯ ನಮ್ಮ ಮೋಟರ್ ಕಾರ್ಖಾನೆಯ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬೇಕೆಂದು ಅದರ ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದೆ. ಕಪ್ಪು ರಟ್ಟಿನ ಆ ಪುಸ್ತಕದ ಹಾಳೆಗಳ ಅಂಚಿನಲ್ಲಿ ಮೇಷ್ಟ್ರ ಬೆರಳ ಗುರುತು ಬೆಳ್ಳಗೆ ಉಳಿದಿತ್ತು...

ಗುಬ್ಬಿಯಲ್ಲಿ ಪಾಠ ಹೇಳುವುದನ್ನು ಬಿಟ್ಟು ಬಂದವರಾದ್ದರಿಂದ ಎಲ್ಲರ ಬಾಯಲ್ಲೂ ಅವರು ಮೇಷ್ಟ್ರೇ. ಬೆಳಗಿನ ಪೂಜೆ ಮುಗಿಸಿ, ವಿಭೂತಿ ಬಳಿದುಕೊಂಡೇ ನಿಟ್ಟೂರಿನಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದರು. ಮೋಟರುಗಳ ಪರೀಕ್ಷೆಯ ಅಳತೆ ಬರೆದುಕೊಳ್ಳುವಾಗ ಆ ಕಂಪ್ಯೂಟರು ನಿಮಿಷಕ್ಕೊಮ್ಮೆ ಮರಗಟ್ಟಿ ನಿಲ್ಲುತ್ತಿತ್ತು. ಕರ್ನಲ್ ಎಂಬ ಅದರ ಒಳತಿರುಳು ಬಂದದ್ದನ್ನೆಲ್ಲ ಮೆಮೊರಿಯಲ್ಲಿ ಕೂಡಿಟ್ಟುಕೊಂಡು ‘ಬರೆದಾಯ್ತು’ ಅಂದುಬಿಡುತ್ತದೆ, ಆಮೇಲೆ ಒಟ್ಟಿಗೇ ಡಿಸ್ಕಿನ ಮೇಲೆ ಸುರಿಯುತ್ತದೆ ಎಂದು ನನಗೆ ತಿಳಿಸಿಕೊಟ್ಟವರು ಅವರೇ. ತಿಂಗಳುಗಟ್ಟಲೆ ಕೂತು ಕರ್ನಲ್ಲನ್ನೇ ತಿದ್ದಿದರು. ಹೆಚ್ಚು ಕೂಡಿಡದೆ ಸ್ವಲ್ಪಸ್ವಲ್ಪವೇ ಬರೆಯುವಂತೆ ಒಂದು ಮಿತಿ ಇಟ್ಟರು. ಏನೇ ಬದಲಿಸಿದರೂ ಮುಟ್ಟಿದವರೇ ತಾರೀಕು ಹಾಕಿ, ಪುಸ್ತಕದಲ್ಲಿ ಬರೆದು, ಸಹಿ ಮಾಡಬೇಕು. ಅದು ಅವರ ಕಟ್ಟಳೆ.

ಮರಗಟ್ಟುವುದು ನಿಂತಿತು. ಆದರೆ ಪರದೆ ಕೊಂಚ ನಿಧಾನವಾಯಿತು. “ಮೇಷ್ಟ್ರೇ, ನಿಮ್ ಮಿಷನ್ನೂ ಪೂಜೆ ಮುಗಿಸ್ಕೊಂಡೇ ಏಳೋದು” ಎಂದು ನಾನೇ ಎಲ್ಲರನ್ನೂ ನಗಿಸುತ್ತಿದ್ದೆ. ಅವರೂ ನಗುತ್ತಿದ್ದರು, ಪಾಪ.

ಹೊರಗಿನಿಂದ ದೊಡ್ಡವರು ಕಾರ್ಖಾನೆ ನೋಡಲು ಬರುವ ದಿನ, ಅವರೆದುರು ಮೆರೆಯಬೇಕೆಂಬ ಚಪಲಕ್ಕೆ ಆ ಮಿತಿಯನ್ನು ನೂರು ಪಟ್ಟು ಏರಿಸಿದೆ. ಪುಸ್ತಕದಲ್ಲಿ ಬರೆಯಲಿಲ್ಲ. ಪರದೆ ಚಕಚಕನೆ ಓಡಿತು. ಊಟದ ಹೊತ್ತಿಗೆ ಕರೆಂಟು ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಅರ್ಧ ದಿನದ ಅಳತೆಗಳು ಡಿಸ್ಕು ಸೇರಿರಲೇ ಇಲ್ಲ. ಕರೆಂಟು ಬಂದದ್ದೇ, ಯಾರೂ ನೋಡುವ ಮೊದಲು ಮೇಷ್ಟ್ರ ಹಳೆಯ ಮಿತಿಯನ್ನೇ ಮತ್ತೆ ಕೂರಿಸಿದೆ.

ಮ್ಯಾನೇಜರು ಎಲ್ಲರನ್ನೂ ಸೇರಿಸಿ, ಪುಸ್ತಕದ ಕೊನೆಯ ಸಾಲನ್ನು ಗಟ್ಟಿಯಾಗಿ ಓದಲು ನನಗೇ ಹೇಳಿದರು. ಓದಿದೆ. ತಾರೀಕು, ಮಿತಿ, ಮೇಷ್ಟ್ರ ಸಹಿ. ಕಂಪ್ಯೂಟರಿನಲ್ಲೂ ಅದೇ ಮಿತಿ.

“ಸ್ಲೇಟು ಬಳಪ ಹಿಡ್ಕೊಂಡಿರೋದ್ ಬಿಟ್ಟು ಇಲ್ಲಿಗ್ಯಾಕ್ ಬಂದ್ರಿ ಮೇಷ್ಟ್ರೇ?” ಎಂದರು ಮ್ಯಾನೇಜರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೇಷ್ಟ್ರು ನನ್ನತ್ತ ತಿರುಗಿದರು. “ಈ ಮಿತೀಲಿ ಅಷ್ಟೊಂದು ಹೋಗಕ್ಕಾಗಲ್ಲ ಕಣೋ. ನೀನೇನಾದ್ರೂ ಮುಟ್ಟಿದ್ಯೇನ್ಲಾ?”

“ಇಲ್ಲ ಸಾರ್.”

ಎರಡನೇ ಸಲ ಕೇಳಲಿಲ್ಲ. ನಾಳೆಯಿಂದ ಬರಬೇಡಿ ಎಂದು ಮ್ಯಾನೇಜರು ಅಲ್ಲೇ ಹೇಳಿಬಿಟ್ಟರು.

ಮಾರನೆಯ ಬೆಳಿಗ್ಗೆ ಊಟದ ಕ್ಯಾರಿಯರ್ ತೆಗೆದುಕೊಳ್ಳಲು ಬಂದವರು, ಮೇಜಿನ ಮುಂದೆ ಒಂದು ಗಳಿಗೆ ಕೂತು, ಡ್ರಾಯರ್ ಮುಚ್ಚಿ ಎದ್ದುಹೋದರು. ಎಲ್ಲ ಸರಿಮಾಡಿದ್ದೇನೆ ಎಂದು ಸಂಜೆ ನಾನು ಮ್ಯಾನೇಜರಿಗೆ ಹೇಳಿದೆ. ಬೆನ್ನು ತಟ್ಟಿ ಮೇಷ್ಟ್ರ ಕುರ್ಚಿಯನ್ನೇ ಕೊಟ್ಟರು. ಅವರು ತಿದ್ದಿದ ಕರ್ನಲ್ ಇಷ್ಟು ವರ್ಷದಲ್ಲಿ ಒಮ್ಮೆಯೂ ಮರಗಟ್ಟಲಿಲ್ಲ. ಹೋದ ವರ್ಷ ಗುಬ್ಬಿ ಸಂತೆಯಲ್ಲಿ ನಿಟ್ಟೂರಿನವರೊಬ್ಬರು ಸಿಕ್ಕು, ಮೇಷ್ಟ್ರು ತೀರಿಕೊಂಡರು ಎಂದರು. ಕೈಯಲ್ಲಿದ್ದ ಟೀ ಕುಡಿದು ಮುಗಿಸಿ ಬಂದೆ...

ಅಂದಿನಿಂದ ಮುಟ್ಟದಿದ್ದ ಪುಸ್ತಕದ ಕೊನೆಯ ಪುಟ ಇವತ್ತು ತಿರುವಿದೆ. ಅವರ ಸಹಿಯ ಕೆಳಗೆ ಅವರದೇ ಅಕ್ಷರದಲ್ಲಿ ಇನ್ನೊಂದು ತಾರೀಕಿತ್ತು. ನಾನು ಮಿತಿ ಏರಿಸಿದ ದಿನದ್ದು. ಮುಂದೆ ಮಿತಿಯ ಜಾಗ ಖಾಲಿ, ಸಹಿಯ ಜಾಗ ಖಾಲಿ.

ಬರೆದೆ. ಸಹಿ ಹಾಕಿದೆ. ನೋಡಬೇಕಾದವರು ಇಲ್ಲ. ಮ್ಯಾನೇಜರು ಇದ್ದಾರೆ, ಪಕ್ಕದ ರೂಮಿನಲ್ಲೇ... ಪುಸ್ತಕ ಮುಚ್ಚಿ ನನ್ನ ಬ್ಯಾಗಿಗೆ ಹಾಕಿಕೊಂಡೆ.