ಅಣ್ಣನ ಪಂಚೆಯ ಮೇಲಿನ ಕಲೆ

ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಮೊಟ್ಟೆ ಎಂಬ ಮಾತೆತ್ತಿದರೂ ಸಾಕು, ಅಮ್ಮ ಬಾಯಿ ತೊಳೆದುಕೊಂಡು ಬಾ ಎಂದು ಗದರುತ್ತಿದ್ದಳು. ಅಂಥ ಮನೆಯ ಮಗ, ನನ್ನ ಅಣ್ಣ, ಅರವತ್ತರ ದಶಕದಲ್ಲಿ ಕೊಲೆ ಕೇಸಿನಲ್ಲಿ ಸಿಕ್ಕಿಬಿದ್ದ.

ನಮ್ಮ ಬಡಾವಣೆ ಶ್ರೀನಗರದಲ್ಲಿ ನಮ್ಮ ಅಂಗಡಿಯ ಪಕ್ಕದವನ ಜೊತೆ ಅಣ್ಣ ಬೀದಿಯಲ್ಲೇ ಜಗಳವಾಡಿದ್ದ. ಮಾರನೆಯ ದಿನ ಆ ಮನುಷ್ಯ ಕೆರೆಯ ದಂಡೆಯಲ್ಲಿ ಹೆಣವಾಗಿ ಬಿದ್ದಿದ್ದ, ಮೈತುಂಬ ಕತ್ತಿಯ ಗಾಯ. ಪೊಲೀಸರು ನಮ್ಮ ಹಿತ್ತಲಿನ ಸೌದೆ ರಾಶಿ ಕೆದಕಿದರೆ ಅಣ್ಣನ ಪಂಚೆ ಸಿಕ್ಕಿತು, ರಕ್ತದ ಕಲೆ ಸಮೇತ. ಕಲೆ ಎಲ್ಲಿಂದ ಬಂತು ಎಂದರೆ ಅವನದು ಒಂದೇ ರಾಗ: "ನಂಗೊತ್ತಿಲ್ಲ." ಅಯ್ಯೋ, ಕೆನ್ನೆಗೆರಡು ಬಾರಿಸೋಣ ಎನ್ನಿಸಿತ್ತು ನನಗೆ. ನೇಣು ಕಣ್ಣೆದುರಿಗೆ ತೂಗುತ್ತಿದೆ, ಇವನ ಬಾಯಿಗೆ ಬೀಗ!

ಕೋರ್ಟಿನಲ್ಲಿ ಆ ಪಂಚೆಯೇ ಮುಖ್ಯ ಸಾಕ್ಷಿ. ಪ್ರಯೋಗಾಲಯದ ಮೊದಲ ವರದಿಯಲ್ಲಿದ್ದದ್ದು ಕಲೆ ರಕ್ತದ್ದು ಎಂದಷ್ಟೇ. ಸರ್ಕಾರಿ ವಕೀಲರು ಅದನ್ನೇ ಹಿಡಿದು ಗರ್ಜಿಸಿದರು. ನಮ್ಮ ವಕೀಲರು ನಿಧಾನವಾಗಿ ಎದ್ದು, "ರಕ್ತ ಸರಿ ಸ್ವಾಮಿ. ಯಾವುದರ ರಕ್ತ ಅಂತ ಯಾರೂ ಹೇಳ್ಲಿಲ್ವಲ್ಲ?" ಎಂದರು. ನ್ಯಾಯಾಧೀಶರು ಪಂಚೆಯನ್ನು ಮತ್ತೆ ಪರೀಕ್ಷೆಗೆ ಕಳಿಸಿ, ತಜ್ಞರನ್ನೇ ಕಟಕಟೆಗೆ ಕರೆಸಿದರು.

ಆ ತಜ್ಞರು ಹೇಳಿದ್ದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಕಲೆಯಿದ್ದ ಬಟ್ಟೆಯ ಚೂರನ್ನು ಉಪ್ಪುನೀರಿನಲ್ಲಿ ನೆನೆಹಾಕಿದರಂತೆ. ಸಣ್ಣ ಸಣ್ಣ ಗಾಜಿನ ಕೊಳವೆಗಳಲ್ಲಿ ಒಂದೊಂದು ಜೀವಿಯ ರಕ್ತವನ್ನು ಗುರುತಿಸುವ ಒಂದೊಂದು ದ್ರವವಿಟ್ಟು, ಅದರ ಮೇಲೆ ಆ ನೀರನ್ನು ಬಿಟ್ಟರಂತೆ. ಗುರುತು ಹತ್ತಿದರೆ ಎರಡೂ ಸೇರುವ ಕಡೆ ಬಿಳಿಯ ಉಂಗುರ ಕಟ್ಟುತ್ತದೆ. ಮನುಷ್ಯನ ಕೊಳವೆಯಲ್ಲಿ ಉಂಗುರ ಕಟ್ಟಲಿಲ್ಲ. ಅಬ್ಬಾ! ತಿಂಗಳುಗಟ್ಟಲೆ ಒಣಗಿ ಕಂದಿದ ಕಲೆಯಲ್ಲಿ ಅಷ್ಟು ಗುರುತು ಉಳಿದಿತ್ತೆ? ಲೋಕದಲ್ಲಿ ಇಂಥದ್ದೂ ಉಂಟೇ ಎಂದು ನಾನು ಬಾಯಿ ಬಿಟ್ಟುಕೊಂಡು ಕೂತೆ.

"ಹಾಗಾದ್ರೆ ಯಾವುದರಲ್ಲಿ ಕಟ್ಟಿತು?" ನ್ಯಾಯಾಧೀಶರು ಮುಂದಕ್ಕೆ ಬಾಗಿ ಕೇಳಿದರು.

"ಕೋಳಿದ್ರಲ್ಲಿ ಸ್ವಾಮಿ."

ಅಣ್ಣ ತಲೆ ತಗ್ಗಿಸಿದ. ಇಟ್ಟಮಡುವಿನ ಅವನ ಸ್ನೇಹಿತನ ಮನೆಯಲ್ಲಿ ಸುಗ್ಗಿಯ ಕಣಕ್ಕೆ ಕೋಳಿ ಕೊಯ್ಯುವ ಪದ್ಧತಿಯಿತ್ತು. ಆ ಸಲ ಇವನೇ ಕತ್ತಿ ಹಿಡಿದಿದ್ದ, ಸಾರನ್ನೂ ಸುರಿದುಕೊಂಡು ಉಂಡಿದ್ದ. ಅದನ್ನು ವಕೀಲರೊಬ್ಬರಿಗೇ ಹೇಳಿ, "ನೇಣು ಹಾಕಿದ್ರೂ ಪರವಾಗಿಲ್ಲ ಸಾರ್, ಅಮ್ಮಂಗೆ ಗೊತ್ತಾಗ್ಬಾರ್ದು" ಎಂದು ಆಣೆ ಮಾಡಿಸಿಕೊಂಡಿದ್ದನಂತೆ. ಈಗ ಅಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಕೇಳಿದ್ದಳು. ಅವಳ ಮುಖ ನೋಡಲು ನನಗೂ ಧೈರ್ಯ ಬರಲಿಲ್ಲ.

ಬೇರೆ ಸಾಕ್ಷಿ ಇರಲಿಲ್ಲ, ಅಣ್ಣನ ಬಿಡುಗಡೆಯಾಯಿತು. ಮನೆಗೆ ಬರುವ ಬಸ್ಸಿನಲ್ಲಿ ಅಮ್ಮ ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸು ಏನಾಯ್ತಮ್ಮ ಎಂದು ಕೇಳಿದ್ದೇ ತಡ, ಅಮ್ಮ ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಕೋಳಿ ರಕ್ತ ಕಣಮ್ಮಾ! ನನ್ ಮಗನ ಪಂಚೆ ಮೇಲಿದ್ದಿದ್ದು ಬರೀ ಕೋಳಿ ರಕ್ತ!"